ಸಸಿಗಿಂತ ಮೊದಲು ಮಣ್ಣು: ಸಂಡೂರಿನ ಗಣಿ ಪುನಶ್ಚೇತನ

ಗಣಿ ಪುನಶ್ಚೇತನ, ಅಂದರೆ ಗಣಿಗಾರಿಕೆಯಿಂದ ಹಾಳಾದ ನೆಲವನ್ನು ಮತ್ತೆ ಸರಿಪಡಿಸುವುದು, ಎಂದೊಡನೆ ಸಸಿ ನೆಡುವ ಚಿತ್ರ ಕಣ್ಣಮುಂದೆ ಬರುತ್ತದೆ. ಆದರೆ ಸಸಿಯ ಸರದಿ ಬರುವುದು ಕೊನೆಗೆ. ಮೊದಲು ಮಣ್ಣನ್ನು ನಿಲ್ಲಿಸಬೇಕು, ಮಳೆನೀರಿಗೆ ದಾರಿ ಮಾಡಬೇಕು.

ಹಿನ್ನೆಲೆ ಇಷ್ಟು ಸಾಕು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಸಂಡೂರು ಇರುವ ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಿತು. ಗಣಿಗಳನ್ನು ಅಕ್ರಮದ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ಅಕ್ರಮ ಅತಿ ಹೆಚ್ಚಿದ್ದ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವರು ಮತ್ತೆ ಗಣಿ ತೆರೆಯಬೇಕಾದರೆ ‘ಪುನಶ್ಚೇತನ ಮತ್ತು ಪುನರ್ವಸತಿ ಯೋಜನೆ’ಯನ್ನು ಜಾರಿಗೆ ತರಬೇಕಿತ್ತು. ಗಮನಿಸಿ, ಇಲ್ಲಿ ಪುನರ್ವಸತಿ ಎಂದರೆ ಜನರದ್ದಲ್ಲ, ನೆಲದ್ದು. ಈ ಪದ ನನ್ನನ್ನು ಬಹಳ ದಿನ ದಾರಿ ತಪ್ಪಿಸಿತ್ತು.

ಈಗ ಡಂಪ್ ಎಂಬ ಮಾತಿಗೆ ಬರೋಣ. ಅದಿರಿಗಾಗಿ ಅಗೆದಾಗ ಹೊರಬಿದ್ದ, ಬೇಡದ ಮಣ್ಣು ಕಲ್ಲುಗಳ ರಾಶಿಯೇ ಡಂಪ್. ಸಡಿಲವಾಗಿ ಸುರಿದ ರಾಶಿ ಸುಮಾರು 37 ಡಿಗ್ರಿ ಇಳಿಜಾರಿನಲ್ಲಿ ಹೇಗೋ ನಿಂತಿರುತ್ತದೆ. ಒಂದು ಬಿರುಮಳೆ ಸಾಕು, ಕೊರಕಲು ಬಿದ್ದು ಕೆಮ್ಮಣ್ಣು ಹಳ್ಳಕ್ಕೆ, ಹೊಲಕ್ಕೆ, ಕೆರೆಗೆ ಇಳಿಯುತ್ತದೆ. ಸಂಡೂರಿನ ಬೆಟ್ಟಗಳ ನಡುವೆ ಹರಿಯುವ ನಾರಿಹಳ್ಳವನ್ನು ನೆನೆದರೆ ಬೆಟ್ಟದ ಗಾಯ ಕೆಳಗಿನವರ ನೀರಿಗೆ ಹೇಗೆ ತಟ್ಟುತ್ತದೆ ಎಂಬುದು ತಿಳಿಯುತ್ತದೆ. ಅದಕ್ಕೇ ಇಳಿಜಾರನ್ನು ತಗ್ಗಿಸಿ ಮೆಟ್ಟಿಲು ಕಡಿಯುತ್ತಾರೆ. ಮೆಟ್ಟಿಲು ಒಳಕ್ಕೆ ವಾಲಿರಬೇಕು. ಹೊರಕ್ಕೆ ವಾಲಿದರೆ ನೀರು ಅಂಚನ್ನೇ ಕಿತ್ತುಕೊಂಡು ಹೋಗುತ್ತದೆ. ಬುಡಕ್ಕೆ ಕಲ್ಲಿನ ತಡೆಗೋಡೆ, ಸುತ್ತಲೂ ಕಾಲುವೆ, ಕೊರಕಲುಗಳಿಗೆ ಸಣ್ಣ ಒಡ್ಡುಗಳು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಮೇಲ್ಮಣ್ಣು. ಗಣಿಗಾಗಿ ನೆಲ ಬಗೆಯುವ ಮುನ್ನ ಅದನ್ನು ಬೇರೆಯಾಗಿ ತೆಗೆದಿಡಬೇಕು. ಅದರಲ್ಲಿ ಆ ಬೆಟ್ಟದ್ದೇ ಬೀಜಗಳಿವೆ, ಬೇರಿಗೆ ಆಹಾರ ಒದಗಿಸುವ ಶಿಲೀಂಧ್ರಗಳಿವೆ, ಸೂಕ್ಷ್ಮಜೀವಿಗಳಿವೆ. ಎತ್ತರಕ್ಕೆ ರಾಶಿ ಹಾಕಿ ವರ್ಷಗಟ್ಟಲೆ ಬಿಟ್ಟರೆ ಒಳಗೆ ಗಾಳಿಯಾಡದೆ ಈ ಜೀವಕಳೆ ಕುಂದುತ್ತದೆ. ತಗ್ಗಾದ ರಾಶಿ ಮಾಡಿ, ಮೇಲೆ ದ್ವಿದಳ ಬೀಜ ಚೆಲ್ಲಿ, ಆದಷ್ಟು ಬೇಗ ಬಳಸಬೇಕು. ಹೀಗೆ ಕಾಪಿಡದೆ ಡಂಪಿನಡಿ ಹೂತುಬಿಟ್ಟರೆ ಯಾವ ಗೊಬ್ಬರವೂ ಅದರ ಜಾಗವನ್ನು ಪೂರ್ತಿ ತುಂಬಲಾರದು.

ಮೇಲ್ಮಣ್ಣು ಹರಡಿದ ಮೇಲೆ ತೆಂಗಿನ ನಾರಿನ ಚಾಪೆ, ಹುಲ್ಲು, ದ್ವಿದಳ ಸಸ್ಯಗಳು. ಹುಲ್ಲಿನ ಬೇರು ಮಣ್ಣನ್ನು ಹಿಡಿದುಕೊಂಡ ನಂತರವೇ ಹೊಂಗೆ, ಬೇವು, ಕಮರ. ಬೇಗ ಹಸಿರು ಕಾಣಲೆಂದು ಒಂದೇ ಜಾತಿಯ ಮರವನ್ನು ಸಾಲಾಗಿ ನೆಟ್ಟದ್ದನ್ನು ನಾನು ಪುನಶ್ಚೇತನವೆಂದು ಒಪ್ಪಲಾರೆ. ಆ ಬೆಟ್ಟದ ಹುಲ್ಲು, ಕುರುಚಲು ಗಿಡ, ಅವನ್ನು ನೆಚ್ಚಿದ ಹಕ್ಕಿಗಳು ಅಲ್ಲಿಗೆ ಮರಳಬೇಕು.