ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್: ಸಾಕ್ಷ್ಯ ಕಾಯ್ದೆಯ ಕರಡುಗಾರ, ನ್ಯಾಯಾಧೀಶ

ಸ್ಟೀಫನ್ ಬಗ್ಗೆ ಬರೆಯುವಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಭಾರತೀಯ ದಂಡ ಸಂಹಿತೆಯೂ ಅವರದ್ದೇ ಎಂದು ಬರೆಯುವುದು ಮೊದಲನೆಯದು. ಅದರ ಮೂಲ ಕರಡು 1837ರದು, ಮೆಕಾಲೆ ಆಯೋಗದ್ದು. 1860ರಲ್ಲಿ ಅದು ಕಾಯ್ದೆಯಾದಾಗ ಸ್ಟೀಫನ್ ಇಂಗ್ಲೆಂಡಿನಲ್ಲಿ ವಕೀಲಿಕೆ ಮಾಡಿಕೊಂಡು ಪತ್ರಿಕೆಗಳಿಗೆ ಬರೆಯುತ್ತಿದ್ದರು. ಎರಡನೆಯದು, 1872ರ ಭಾರತೀಯ ಸಾಕ್ಷ್ಯ ಕಾಯ್ದೆಯ ಪ್ರತಿಯೊಂದು ಕಲಮೂ ಅವರ ಸ್ವಂತ ಸೃಷ್ಟಿ ಎಂಬ ನಂಬಿಕೆ. ಅದು ಯಾಕೆ ಸರಿಯಲ್ಲ ಎನ್ನುವುದು ತಪ್ಪೊಪ್ಪಿಗೆಯ ಕಲಮುಗಳಿಗೆ ಬಂದಾಗ ಗೊತ್ತಾಗುತ್ತದೆ.

ಹುಟ್ಟಿದ್ದು 1829ರ ಮಾರ್ಚ್ 3ರಂದು, ಲಂಡನ್ನಿನಲ್ಲಿ. ಕರಡು ಬರೆಯುವ ಕೆಲಸ ಮನೆಯಲ್ಲೇ ಇತ್ತು: ಗುಲಾಮಗಿರಿಯನ್ನು ರದ್ದುಪಡಿಸಿದ 1833ರ ಕಾಯ್ದೆಯ ಕರಡು ಅವರ ತಂದೆಯದು. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿ 1854ರಲ್ಲಿ ವಕೀಲರಾದರು. 1863ರಲ್ಲಿ ಇಂಗ್ಲೆಂಡಿನ ಅಪರಾಧ ಕಾನೂನಿನ ಬಗ್ಗೆ ಪುಸ್ತಕ ಬಂತು. 1869ರಲ್ಲಿ ಹೆನ್ರಿ ಮೇನ್ ಅವರ ನಂತರ ವೈಸ್‌ರಾಯ್ ಮಂಡಳಿಯ ಕಾನೂನು ಸದಸ್ಯರಾಗಿ ಭಾರತಕ್ಕೆ ಬಂದು 1872ರವರೆಗೆ ಇದ್ದರು. ಸಾಕ್ಷ್ಯ ಕಾಯ್ದೆ, ಕರಾರು ಕಾಯ್ದೆ, ಹೊಸ ದಂಡ ಪ್ರಕ್ರಿಯಾ ಸಂಹಿತೆ ಮೂರೂ 1872ರಲ್ಲೇ ಅಂಗೀಕಾರವಾದವು. ಇವುಗಳಲ್ಲಿ ಅವರ ಕೈಬರಹ ಎದ್ದು ಕಾಣುವುದು ಸಾಕ್ಷ್ಯ ಕಾಯ್ದೆಯಲ್ಲಿ.

ಅದಕ್ಕೂ ಮೊದಲು, 1868ರಲ್ಲಿ, 39 ಕಲಮುಗಳ ಒಂದು ಕರಡು ತಯಾರಾಗಿತ್ತು. ಇಂಗ್ಲಿಷ್ ಸಾಕ್ಷ್ಯ ಕಾನೂನು ಮೊದಲೇ ಗೊತ್ತಿದ್ದವರಿಗೆ ಮಾತ್ರ ಅದು ಅರ್ಥವಾಗುವಂತಿತ್ತು. ಊರೂರಿನ ಮ್ಯಾಜಿಸ್ಟ್ರೇಟರ ಹತ್ತಿರ ಅಷ್ಟು ಗ್ರಂಥಗಳು ಎಲ್ಲಿಂದ ಬರಬೇಕು? ಸ್ಟೀಫನ್ ಅದನ್ನು ಬದಿಗಿಟ್ಟು ಹೊಸದಾಗಿ ಬರೆದರು. ಹಾಗೆ ಬಂದದ್ದೇ 167 ಕಲಮುಗಳ, ಮೂರು ಭಾಗಗಳ ಕಾಯ್ದೆ: ಯಾವ ಸಂಗತಿ ಸುಸಂಗತ, ಅಂದರೆ ಪ್ರಕರಣಕ್ಕೆ ಸಂಬಂಧಪಟ್ಟದ್ದು (1ರಿಂದ 55), ಅದನ್ನು ಹೇಗೆ ರುಜುವಾತು ಮಾಡಬೇಕು (56ರಿಂದ 100), ಯಾರು ಯಾವ ರೀತಿಯಲ್ಲಿ ಹಾಜರುಪಡಿಸಬೇಕು (101ರಿಂದ 167). ಈ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಂಡರೆ ಯಾವ ಸಮಸ್ಯೆಯನ್ನೂ ಬಿಡಿಸಬಹುದು. ಅವರ ಸಾಧನೆಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಜೋಡಣೆಯೇ.

7ನೇ ಕಲಮಿನ ದೃಷ್ಟಾಂತ ನೋಡಿ. ‘ಬಿ’ಯನ್ನು ‘ಎ’ ದರೋಡೆ ಮಾಡಿದನೇ ಎಂಬುದು ಪ್ರಶ್ನೆ. ಅದಕ್ಕೆ ಸ್ವಲ್ಪ ಮುಂಚೆ ‘ಬಿ’ ಹಣ ಇಟ್ಟುಕೊಂಡು ಜಾತ್ರೆಗೆ ಹೋಗಿದ್ದ, ಅದನ್ನು ಬೇರೆಯವರಿಗೆ ತೋರಿಸಿದ್ದ. ದರೋಡೆಗೆ ಸಂದರ್ಭ ಒದಗಿದ್ದು ಇದರಿಂದ. ಹಾಗಾಗಿ ಇದು ಸುಸಂಗತ. ಸುಸಂಗತತೆ ಎಂದರೆ ಕಾರ್ಯಕಾರಣ ಸಂಬಂಧ ಎನ್ನುವುದು ಸ್ಟೀಫನ್ ಆಗ ಹಿಡಿದಿದ್ದ ಸಿದ್ಧಾಂತ.

ತೊಡಕು ಶುರುವಾಗುವುದೂ ಇಲ್ಲೇ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೂ ಅಪರಾಧಕ್ಕೂ ತಾರ್ಕಿಕ ಸಂಬಂಧ ಖಂಡಿತ ಇದೆ. ಕಾನೂನು ಅದನ್ನು ಹೊರಗಿಡುವುದು ಅದು ನೆಚ್ಚುವಂಥದ್ದಲ್ಲ ಎಂಬ ಕಾರಣಕ್ಕೆ. ಸುಸಂಗತತೆ ಬೇರೆ, ಗ್ರಾಹ್ಯತೆ (ಕೋರ್ಟು ಅದನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದೇ ಎಂಬುದು) ಬೇರೆ. ಕಾಯ್ದೆ ಎರಡನ್ನೂ ಒಂದೇ ಭಾಗದಲ್ಲಿ ಸೇರಿಸಿಬಿಟ್ಟಿದೆ. ಸ್ಟೀಫನ್ ತಮ್ಮ ವ್ಯಾಖ್ಯೆಗೆ ಅಂಟಿಕೊಂಡು ಕೂರಲಿಲ್ಲ. ಮುಂದೆ ತಮ್ಮ ಸಾಕ್ಷ್ಯ ಕಾನೂನಿನ ಸಂಗ್ರಹದಲ್ಲಿ, ಒಂದು ಸಂಗತಿ ಇನ್ನೊಂದನ್ನು ಲೋಕರೂಢಿಯಂತೆ ಸಂಭವನೀಯವಾಗಿಸಿದರೆ ಸಾಕು ಎಂಬ ಅರ್ಥಕ್ಕೆ ಬಂದರು. ಉತ್ತರದಲ್ಲಿ ಈ ಬದಲಾವಣೆಯನ್ನು ತಪ್ಪದೆ ಬರೆಯಿರಿ.

ಇನ್ನು ತಪ್ಪೊಪ್ಪಿಗೆಯ 25, 26, 27ನೇ ಕಲಮುಗಳು. ಮೊದಲ ಎರಡು ಪೊಲೀಸರ ಮುಂದೆ ಅಥವಾ ಅವರ ವಶದಲ್ಲಿದ್ದಾಗ ಮಾಡಿದ ತಪ್ಪೊಪ್ಪಿಗೆಯನ್ನು ಹೊರಗಿಡುತ್ತವೆ; ಮೂರನೆಯದು ಏನಾದರೂ ಪತ್ತೆಯಾಗಲು ಕಾರಣವಾದ ಮಾತಿನ ಭಾಗವನ್ನು ಮಾತ್ರ ಒಳಗೆ ಬಿಡುತ್ತದೆ. ಇವು 1861ರ ದಂಡ ಪ್ರಕ್ರಿಯಾ ಸಂಹಿತೆಯ 148, 149, 150ನೇ ಕಲಮುಗಳಿಂದ ಬಂದವು. ಇವು ಯಾಕೆ ಬೇಕಾದವು ಎನ್ನುವುದಕ್ಕೆ ಸ್ಟೀಫನ್ 1883ರ ಅಪರಾಧ ಕಾನೂನಿನ ಇತಿಹಾಸದಲ್ಲಿ ಒಬ್ಬ ಅನುಭವಿ ಅಧಿಕಾರಿಯ ಮಾತನ್ನು ದಾಖಲಿಸಿದ್ದಾರೆ: ಬಿಸಿಲಲ್ಲಿ ಅಲೆದು ಸಾಕ್ಷ್ಯ ಹುಡುಕುವುದಕ್ಕಿಂತ ನೆರಳಲ್ಲಿ ಕೂತು ಬಡಪಾಯಿಯ ಕಣ್ಣಿಗೆ ಮೆಣಸಿನಪುಡಿ ಉಜ್ಜುವುದು ಸುಲಭ. 27ನೇ ಕಲಮು ಎಷ್ಟು ಕಿರಿದು ಎಂಬುದನ್ನು 1947ರ ಪುಲುಕುರಿ ಕೊಟ್ಟಯ್ಯ ತೀರ್ಪು ತೋರಿಸುತ್ತದೆ. “ಚಾಕುವನ್ನು ಮನೆಯ ಸೂರಿನಲ್ಲಿ ಬಚ್ಚಿಟ್ಟಿದ್ದೇನೆ, ತೆಗೆದುಕೊಡುತ್ತೇನೆ” ಎಂಬಷ್ಟು ಮಾತು ಗ್ರಾಹ್ಯ. “ಅದರಿಂದಲೇ ಇರಿದೆ” ಎಂಬುದು ಗ್ರಾಹ್ಯವಲ್ಲ, ಯಾಕೆಂದರೆ ಚಾಕು ಸಿಕ್ಕಿದ್ದರಿಂದ ಇರಿತ ಪತ್ತೆಯಾಗುವುದಿಲ್ಲ.

1879ರಲ್ಲಿ ಸ್ಟೀಫನ್ ಇಂಗ್ಲೆಂಡಿನ ಹೈಕೋರ್ಟ್ ನ್ಯಾಯಾಧೀಶರಾದರು. ಓದಲೇಬೇಕಾದ ಪ್ರಕರಣ 1889ರ ಟಾಲ್ಸನ್. ಆರೋಪ, ಗಂಡ ಬದುಕಿರುವಾಗಲೇ ಇನ್ನೊಂದು ಮದುವೆಯಾದದ್ದು; ಗಂಡ ಏಳು ವರ್ಷ ಸುಳಿವಿಲ್ಲದೆ ಹೋಗಿದ್ದರೆ ಮಾತ್ರ ಕಾನೂನಿನಲ್ಲಿ ವಿನಾಯಿತಿ ಇತ್ತು. ಗಂಡ ಬಿಟ್ಟುಹೋಗಿದ್ದ, ಹಡಗು ಮುಳುಗಿ ಸತ್ತನೆಂದು ನಂಬಿದ ಹೆಂಡತಿ ಏಳು ವರ್ಷ ತುಂಬುವ ಮೊದಲೇ ಮರುಮದುವೆಯಾದಳು, ಗಂಡ ಬದುಕಿ ಬಂದ. ಕಾರ್ಲೈಲ್‌ನಲ್ಲಿ ವಿಚಾರಣೆ ನಡೆಸಿದವರು ಸ್ಟೀಫನ್ನರೇ. ಕಾನೂನಿನ ಪ್ರಶ್ನೆ ಮೇಲಿನ ಪೀಠದಲ್ಲಿ ಇತ್ಯರ್ಥವಾಗಲಿ ಎಂದು ಅವರು ವಿಧಿಸಿದ್ದು ಒಂದು ದಿನದ ಶಿಕ್ಷೆ. ಆ ಪೀಠದಲ್ಲಿ 9–5 ಬಹುಮತದಿಂದ ಆಕೆ ಬಿಡುಗಡೆಯಾದಳು, ಸ್ಟೀಫನ್ ಬಹುಮತದಲ್ಲಿದ್ದರು. ‘ಮೆನ್ಸ್ ರಿಯಾ’ (ತಪ್ಪಿತಸ್ಥ ಮನಸ್ಸು) ಎಂಬ ಒಂದೇ ಪದ ದಾರಿ ತಪ್ಪಿಸುತ್ತದೆ, ಆಯಾ ಅಪರಾಧದ ವ್ಯಾಖ್ಯೆಯಲ್ಲೇ ಅದಕ್ಕೆ ಬೇಕಾದ ಮನಃಸ್ಥಿತಿಯನ್ನು ಹುಡುಕಬೇಕು ಎಂದು ಅವರು ಅಲ್ಲಿ ವಾದಿಸುತ್ತಾರೆ. ಅದೇ ವರ್ಷ ಲಿವರ್‌ಪೂಲಿನ ಮೇಬ್ರಿಕ್ ವಿಷಪ್ರಾಶನ ಪ್ರಕರಣದಲ್ಲಿ ಜ್ಯೂರಿಗೆ ಅವರು ಕೊಟ್ಟ ವಿವರಣೆ ಕಟು ಟೀಕೆಗೆ ಗುರಿಯಾಯಿತು. ಆರೋಗ್ಯವೂ ಕೆಟ್ಟಿತ್ತು. 1891ರಲ್ಲಿ ರಾಜೀನಾಮೆ ಕೊಟ್ಟರು, 1894ರ ಮಾರ್ಚ್ 11ರಂದು ತೀರಿಕೊಂಡರು. ಇಂಗ್ಲೆಂಡಿಗಾಗಿ ಅವರು ಬರೆದ ದಂಡ ಸಂಹಿತೆಯ ಕರಡು ಅಲ್ಲಿ ಕಾಯ್ದೆಯಾಗಲೇ ಇಲ್ಲ. ಕೆನಡಾ 1892ರಲ್ಲಿ ಅದನ್ನು ಆಧಾರವಾಗಿಟ್ಟುಕೊಂಡಿತು.

2024ರ ಜುಲೈ 1ರಿಂದ 170 ಕಲಮುಗಳ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಹಳೆಯ 7 ಈಗ 5, ಮರಣಕಾಲೀನ ಹೇಳಿಕೆಯ 32 ಈಗ 26, ತಪ್ಪೊಪ್ಪಿಗೆಯ 25, 26, 27 ಸೇರಿ 23. ಅದರಲ್ಲಿ ಹಳೆಯ 27 ಪರಂತುಕವಾಗಿದೆ, ಅಂದರೆ ‘ಆದರೆ’ ಎಂದು ವಿನಾಯಿತಿ ಕೊಡುವ ಭಾಗವಾಗಿದೆ. ಆ ದಿನಕ್ಕೆ ಬಾಕಿಯಿದ್ದ ವಿಚಾರಣೆಗಳು ಹಳೆಯ ಕಾಯ್ದೆಯಂತೆಯೇ ಮುಂದುವರಿಯುವುದರಿಂದ ಎರಡೂ ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಳ್ಳಿ.