ಡಬ್ಬಿಯ ಮೇಲಿನ ವ್ಯಾಟೂ ಮೇಜಿನ ಮೇಲಿನ ಸದ್ದೂ

ತುಮಕೂರಿನ ಎಂ.ಜಿ. ರಸ್ತೆಯಲ್ಲಾಗಲಿ, ಕೋಲಾರ, ಚಿಕ್ಕಬಳ್ಳಾಪುರಗಳ ಪೇಟೆಯಲ್ಲಾಗಲಿ, ಲ್ಯಾಪ್‌ಟಾಪಿಗೆ ಅಗ್ಗದ ಸ್ಪೀಕರ್ ಕೇಳಿದವರ ಮುಂದೆ ಅಂಗಡಿಯವರು ಮೊದಲು ತಿರುಗಿಸಿ ಹಿಡಿಯುವುದು ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾದ ವ್ಯಾಟ್ ಸಂಖ್ಯೆಯನ್ನು. ‘1000 ವ್ಯಾಟ್ ಪಿಎಂಪಿಓ’ ಎಂದಿರುವ ಡಬ್ಬಿಯ ಪಕ್ಕದಲ್ಲಿ ‘6 ವ್ಯಾಟ್’ ಎಂದಷ್ಟೇ ಬರೆದುಕೊಂಡ ಡಬ್ಬಿ ಬಡಪಾಯಿಯಾಗಿ ಕಾಣುತ್ತದೆ. ಗಿರಾಕಿ ಸಾವಿರದ ಕಡೆಗೇ ವಾಲುತ್ತಾನೆ. ವ್ಯಾಟ್ ಹೆಚ್ಚಿದ್ದಷ್ಟೂ ಸ್ಪೀಕರ್ ಉತ್ತಮ ಎಂಬ, ವಿದ್ಯಾವಂತರ ಮನೆಗಳಲ್ಲಿಯೂ ಬೇರೂರಿರುವ ಈ ನಂಬಿಕೆಯನ್ನು ಮೂಢನಂಬಿಕೆ ಎಂದು ಕರೆಯಲು ನನಗೆ ಸಂಕೋಚವಿಲ್ಲ, ಏಕೆಂದರೆ ಅದನ್ನು ಪರೀಕ್ಷಿಸಲು ಬೇಕಾದುದು ಪ್ರೌಢಶಾಲೆಯ ಒಂದು ಗುಣಾಕಾರ ಮಾತ್ರ.

ಅಗ್ಗದ ಸ್ಪೀಕರುಗಳಲ್ಲಿ ಬಹುಪಾಲು ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿಯಿಂದಲೇ ವಿದ್ಯುತ್ತನ್ನು ಪಡೆಯುತ್ತವೆ. ಯುಎಸ್‌ಬಿ 2.0 ನಿಯಮದ ಪ್ರಕಾರ ಆ ಕಿಂಡಿ 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್ ಕೊಡಬಲ್ಲದು, ಗುಣಿಸಿದರೆ 2.5 ವ್ಯಾಟ್. ಯುಎಸ್‌ಬಿ 3.0 ಆದರೆ 900 ಮಿಲಿಆಂಪಿಯರ್, ಅಂದರೆ 4.5 ವ್ಯಾಟ್. ಸ್ಪೀಕರಿನೊಳಗೆ ಸಂಕೇತವನ್ನು ವರ್ಧಿಸುವ ಆಂಪ್ಲಿಫಯರ್ ಇದರಲ್ಲಿಯೂ ಒಂದು ಪಾಲನ್ನು ಶಾಖವಾಗಿ ಕಳೆಯುತ್ತದೆ. ಪಾವಗಡದ ಸೌರ ಉದ್ಯಾನದ 2,050 ಮೆಗಾವ್ಯಾಟ್ ಸಾಮರ್ಥ್ಯವನ್ನು ಅಳೆಯುವ ವ್ಯಾಟೂ ಈ ಕಿಂಡಿಯ ವ್ಯಾಟೂ ಒಂದೇ: ಸೆಕೆಂಡಿಗೆ ಒಂದು ಜೂಲ್. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದ್ದರು. ಎರಡೂವರೆ ವ್ಯಾಟ್ ಪಡೆದು ಸಾವಿರ ವ್ಯಾಟ್ ಹೊರಹಾಕುವೆನೆನ್ನುವ ಪೆಟ್ಟಿಗೆ ಆ ಸಮಿತಿಯ ಮುಂದೆ ಹೋಗಬೇಕಾದ ವಸ್ತುವೇ ಸರಿ.

ಪಿಎಂಪಿಓ (ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್) ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯ ಕ್ರಮವೇ ಇಲ್ಲ. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಗರಿಷ್ಠವೊಂದನ್ನು ಹಿಡಿದು ತಯಾರಕರು ತಮಗೆ ತೋಚಿದಂತೆ ಲೆಕ್ಕ ಕಟ್ಟುತ್ತಾರೆ. ಒಂದೇ ಸಮನೆ ಕೊಡಬಲ್ಲ ಶಕ್ತಿಯನ್ನು ಸೂಚಿಸುವ, ಆರ್‌ಎಂಎಸ್ ಎಂದು ನಮೂದಿಸಿದ ಸಂಖ್ಯೆ ಇದಕ್ಕಿಂತ ಪ್ರಾಮಾಣಿಕವಾದದ್ದು, ಆದರೆ ಅದನ್ನೂ ಶೇ. 10ರಷ್ಟು ವಿರೂಪಗೊಂಡ ಧ್ವನಿಯಲ್ಲಿ ಅಳೆದಿರುವುದುಂಟು. ಗೋಡೆಯ ಪ್ಲಗ್ಗಿಗೆ ಹಾಕುವ ಸ್ಪೀಕರಾದರೆ ಅಡಾಪ್ಟರಿನ ಮೇಲಿರುವ ವೋಲ್ಟ್ ಮತ್ತು ಆಂಪಿಯರುಗಳನ್ನು ಗುಣಿಸಿ ನೋಡಬೇಕು: 12 ವೋಲ್ಟ್, 1 ಆಂಪಿಯರ್ ಎಂದಿದ್ದರೆ, ಡಬ್ಬಿ ಏನೇ ಹೇಳಲಿ, ಒಂದೇ ಸಮನೆ ಸಿಗುವುದು 12 ವ್ಯಾಟಿನೊಳಗೇ.

ಅಷ್ಟಾಗಿ, ನಿಜವಾದ ವ್ಯಾಟುಗಳೂ ನಾವು ಊಹಿಸುವಷ್ಟು ಮುಖ್ಯವಲ್ಲ. ಶಕ್ತಿ ಇಮ್ಮಡಿಯಾದರೆ ಧ್ವನಿಯ ಮಟ್ಟ ಏರುವುದು 3 ಡೆಸಿಬೆಲ್ ಮಾತ್ರ. ಸದ್ದು ಎರಡು ಪಟ್ಟಾಯಿತೆಂದು ಕಿವಿ ಒಪ್ಪಬೇಕಾದರೆ ಸುಮಾರು 10 ಡೆಸಿಬೆಲ್, ಎಂದರೆ ಹತ್ತು ಪಟ್ಟು ಶಕ್ತಿ, ಬೇಕು. ಸಾಧಾರಣ ಸ್ಪೀಕರೊಂದು 1 ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 85 ಡೆಸಿಬೆಲ್ಲಿನಷ್ಟು ಸದ್ದು ಮಾಡಬಲ್ಲದು, ನಮ್ಮ ಮಾಮೂಲಿ ಮಾತುಕತೆಯಾದರೋ 60ರ ಆಸುಪಾಸಿನದು. ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದು ಪ್ರಕಟಿಸಿದ ವಿನ್ಯಾಸವೇ ಇಂದಿನ ಸ್ಪೀಕರುಗಳ ಮೂಲ. ಅದರ ಆಧಾರದ ಮೇಲೆ 1926ರಲ್ಲಿ ಮಾರುಕಟ್ಟೆಗೆ ಬಂದ ರೇಡಿಯೋಲಾ 104 ಎಂಬ ಸ್ಪೀಕರಿನೊಳಗಿದ್ದ ಆಂಪ್ಲಿಫಯರ್ 1 ವ್ಯಾಟಿನದು, ಬೆಲೆ 250 ಡಾಲರ್. ಅಂದಿನವರು ಅದನ್ನು ನಡುಮನೆಯಲ್ಲಿಟ್ಟು ಸಂಗೀತ ಕೇಳಿದರು.

ಹಾಗಾದರೆ ನೋಡಬೇಕಾದುದು ಏನನ್ನು? ನನ್ನ ಉತ್ತರ: ಗಾಳಿಯನ್ನು. ಅಯಸ್ಕಾಂತದ ಸಂದಿನಲ್ಲಿ ಕುಳಿತ ತಂತಿಯ ಸುರುಳಿಯಲ್ಲಿ ಪ್ರವಾಹ ಅತ್ತಿತ್ತ ಹರಿದಂತೆ ಅದಕ್ಕೆ ಅಂಟಿಕೊಂಡ ಕೋನ್ ಎಂಬ ಆಲಿಕೆಯಾಕಾರದ ತೆಳು ಪರದೆ ಮುಂದೆ ಹಿಂದೆ ಓಡಾಡಿ ಗಾಳಿಯನ್ನು ತಳ್ಳುತ್ತದೆ, ಎಳೆಯುತ್ತದೆ; ಸುರುಳಿಗೆ ಬಂದ ವಿದ್ಯುತ್ತಿನಲ್ಲಿ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ ಪಾಲು ಮಾತ್ರ ಧ್ವನಿಯಾಗುತ್ತದೆ, ಉಳಿದದ್ದೆಲ್ಲ ಶಾಖ. ಇಲ್ಲಿ ಪ್ರಕೃತಿ ಒಂದು ಕಠಿಣ ನಿಯಮವನ್ನು ಹೇರಿದೆ. ಧ್ವನಿಯ ಒತ್ತಡ ಅಷ್ಟೇ ಇರಬೇಕೆಂದಾದರೆ, ಆವರ್ತನ, ಅಂದರೆ ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆ, ಅರ್ಧಕ್ಕಿಳಿದಾಗ ಕೋನಿನ ಓಡಾಟ ನಾಲ್ಕು ಪಟ್ಟಾಗಬೇಕು. 400 ಹರ್ಟ್ಜ್ (ಸೆಕೆಂಡಿಗೆ 400 ಕಂಪನಗಳ) ಸ್ವರಕ್ಕೆ 0.1 ಮಿಲಿಮೀಟರ್ ಓಡಾಡಿದರೆ ಸಾಕಾಗುವ ಕೋನ್, 100 ಹರ್ಟ್ಜಿಗೆ 1.6 ಮಿಲಿಮೀಟರ್, 50 ಹರ್ಟ್ಜಿಗೆ 6.4 ಮಿಲಿಮೀಟರ್ ಓಡಾಡಬೇಕಾಗುತ್ತದೆ. ಬೆರಳಿನ ದಪ್ಪವೂ ಇಲ್ಲದ ಲ್ಯಾಪ್‌ಟಾಪಿನ ಒಳಗೆ ಈ ಓಡಾಟಕ್ಕೆ ಜಾಗವೆಲ್ಲಿ? ಅದರ ಮೇಲೆ ತಗ್ಗಿನ ಸ್ವರಗಳಿಗೆ ನಮ್ಮ ಕಿವಿಯೂ ಮಂದ ಎಂಬುದನ್ನು ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದ್ದಾರೆ. ಓಡಾಟವನ್ನು ಹೆಚ್ಚಿಸಲಾಗದಿದ್ದರೆ ಉಳಿಯುವ ದಾರಿ ಕೋನಿನ ಅಗಲವನ್ನು ಹೆಚ್ಚಿಸುವುದು: ಎರಡು ಇಂಚಿನದಕ್ಕಿಂತ ನಾಲ್ಕು ಇಂಚಿನ ಕೋನಿನ ವಿಸ್ತೀರ್ಣ ನಾಲ್ಕು ಪಟ್ಟು. ಆದ್ದರಿಂದ ಒಂದೇ ಬೆಲೆಯ ಎರಡು ಜೊತೆಗಳಲ್ಲಿ ದೊಡ್ಡ ಕೋನ್ ಇರುವುದನ್ನು, ವ್ಯಾಟ್ ಕಡಿಮೆಯಿದ್ದರೂ, ಮೊದಲು ಕೈಗೆತ್ತಿಕೊಳ್ಳುವುದು ಲೇಸು.

ಪೆಟ್ಟಿಗೆಯೂ ಅಲಂಕಾರಕ್ಕಿರುವುದಲ್ಲ. 100 ಹರ್ಟ್ಜ್ ಧ್ವನಿಯ ತರಂಗಾಂತರ ಸುಮಾರು 3.4 ಮೀಟರ್. ಕೋನ್ ಮುಂದಕ್ಕೆ ಗಾಳಿಯನ್ನು ಒತ್ತುವಾಗ ಹಿಂಬದಿಯಲ್ಲಿ ಒತ್ತಡ ತಗ್ಗುತ್ತದೆ; ನಡುವೆ ತಡೆಯಿಲ್ಲದಿದ್ದರೆ ಅಷ್ಟು ಉದ್ದದ ಅಲೆ ಅಂಚನ್ನು ಬಳಸಿ ಹೋಗಿ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಹಿಂದಿನ ಅಲೆಯನ್ನು ಕೂಡಿಹಾಕುವುದೇ ಪೆಟ್ಟಿಗೆಯ ಮೊದಲ ಕೆಲಸ. ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪೆಟ್ಟಿಗೆಗೆ ತೂತಿಟ್ಟು ಹಿಂದಿನ ಅಲೆಯನ್ನೂ ದುಡಿಸಿಕೊಳ್ಳುವ ಉಪಾಯಕ್ಕೆ 1932ರಲ್ಲಿ ಪೇಟೆಂಟ್ ಪಡೆದರು. ಖಾಲಿ ಸೀಸೆಯ ಬಾಯಿಗೆ ಅಡ್ಡಲಾಗಿ ಊದಿದಾಗ ಹೊಮ್ಮುವ ‘ಭೋಂ’ ಎಂಬ ಸ್ವರವೇ ಇದರ ತತ್ತ್ವ: ತೂತಿನ ಕೊಳವೆಯಲ್ಲಿರುವ ಗಾಳಿ ಭಾರದಂತೆಯೂ ಒಳಗಿನ ಗಾಳಿ ಸ್ಪ್ರಿಂಗಿನಂತೆಯೂ ವರ್ತಿಸಿ ಒಂದು ನಿರ್ದಿಷ್ಟ ಆವರ್ತನದಲ್ಲಿ ತೂಗುತ್ತವೆ. ಅಗ್ಗದ ಪೆಟ್ಟಿಗೆಗಳಲ್ಲಿ ಈ ಉಪಾಯ ದುರುಪಯೋಗವಾಗುವುದೇ ಹೆಚ್ಚು. ಒಂದೇ ಆವರ್ತನವನ್ನು ಅತಿಯಾಗಿ ಉಬ್ಬಿಸಿರುವುದರಿಂದ ಬೇರೆ ಬೇರೆ ತಗ್ಗುಸ್ವರಗಳೆಲ್ಲ ಒಂದೇ ‘ಧಬ್’ ಆಗಿಬಿಡುತ್ತವೆ, ಕೇಳುವವರು ಅದನ್ನು ಒಳ್ಳೆಯ ಬೇಸ್ ಎಂದು ಮೆಚ್ಚುತ್ತಾರೆ.

ಈ ಮೋಸವನ್ನು ಹಿಡಿಯಲು ಮೃದಂಗಕ್ಕಿಂತ ಒಳ್ಳೆಯ ಸಾಧನವಿಲ್ಲ. ಸಾಮಾನ್ಯ ಚರ್ಮವಾದ್ಯದಲ್ಲಿ ಮೂಲಸ್ವರದ ಜೊತೆಗೇ ಹೊಮ್ಮುವ ಮೇಲಿನ ಉಪಸ್ವರಗಳು ಮೂಲಸ್ವರದ ಪೂರ್ಣಾಂಕ ಗುಣಕಗಳಾಗಿರುವುದಿಲ್ಲ. ಮೃದಂಗದ ಬಲಮುಖದ ನಡುವಿನ ಕರಣೆ ಎಂಬ ಕಪ್ಪು ಲೇಪ ಅವುಗಳನ್ನು ಪೂರ್ಣಾಂಕಗಳ ಸಾಲಿಗೆ ತರುತ್ತದೆ ಎಂಬುದನ್ನು ಸಿ.ವಿ. ರಾಮನ್ ಅವರು ಶಿವಕಾಳಿ ಕುಮಾರ್ ಅವರೊಡನೆ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. ಇಂಥ ಪೂರ್ಣಾಂಕ ಸಾಲು ಕಿವಿಗೆ ಬಿದ್ದರೆ, ಮೂಲಸ್ವರವೇ ಕಾಣೆಯಾಗಿದ್ದರೂ ಮಿದುಳು ಅದನ್ನು ತಾನೇ ತುಂಬಿಕೊಳ್ಳುತ್ತದೆ. 100 ಹರ್ಟ್ಜಿನ ಆಸುಪಾಸಿನ ಗಂಡಸಿನ ದನಿ ಪುಟ್ಟ ಲ್ಯಾಪ್‌ಟಾಪಿನಲ್ಲಿಯೂ ಗಂಡಸಿನ ದನಿಯಾಗಿಯೇ ಕೇಳುವುದು ಇದರಿಂದ. ಹಾಗಾಗಿ ಪಿಯುಸಿ ಮಕ್ಕಳ ಪಾಠ ಕೇಳುವುದಷ್ಟೇ ಉದ್ದೇಶವಾಗಿದ್ದರೆ ಯುಎಸ್‌ಬಿ ಶಕ್ತಿಯ ಚಿಕ್ಕ ಜೊತೆ ಧಾರಾಳವಾಗಿ ಸಾಕು, ಕರೆಂಟು ಹೋದಾಗಲೂ ಅದು ಲ್ಯಾಪ್‌ಟಾಪಿನ ಬ್ಯಾಟರಿಯಿಂದ ನಡೆಯುತ್ತದೆ. ಸಂಗೀತಕ್ಕಾದರೆ ಅಂಗಡಿಯಲ್ಲಿಯೇ ನಿಮಗೆ ಪರಿಚಿತವಾದ ತನಿ ಆವರ್ತನವೊಂದನ್ನು, ಎಂದರೆ ಕಚೇರಿಯಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ಭಾಗವನ್ನು, ಹಾಕಿಸಿ, ಎಡಮುಖದ ಗುಂಕಾರ ಏರಿಳಿಯುವುದು ಕೇಳಿಸುತ್ತದೆಯೋ, ಇಲ್ಲ ಒಂದೇ ಗುದ್ದಾಗಿ ಬರುತ್ತದೆಯೋ ಎಂಬುದನ್ನು ಗಮನಿಸಬೇಕು.

ಎರಡು ಚಿಕ್ಕ ಸ್ಪೀಕರುಗಳ ಜೊತೆಗೆ ತಗ್ಗುಸ್ವರಕ್ಕೆಂದೇ ಪ್ರತ್ಯೇಕ ವೂಫರ್ ಇರುವ 2.1 ಮಾದರಿಗೆ ಹಣ ಹೊಂದಿಸಬಲ್ಲವರು ವೂಫರನ್ನು ಮೇಜಿನ ಕೆಳಗಿಡಬಹುದು, ಏಕೆಂದರೆ ಉದ್ದನೆಯ ಅಲೆಗಳ ದಿಕ್ಕನ್ನು ಕಿವಿ ಗುರುತಿಸಲಾರದು. ಆದರೆ ಕೋಣೆಯ ಮೂಲೆಗೆ ನೂಕಿದರೆ ತಗ್ಗುಸ್ವರ ಅಳತೆ ಮೀರಿ ಉಬ್ಬುತ್ತದೆ. ಚಿಕ್ಕ ಸ್ಪೀಕರುಗಳ ಮುಖವನ್ನು ಮಾತ್ರ ಕಿವಿಯ ಕಡೆಗೇ ತಿರುಗಿಸಿಡಬೇಕು, 10,000 ಹರ್ಟ್ಜಿನ 3.4 ಸೆಂಟಿಮೀಟರ್ ಅಲೆಗಳು ಕೋನಿನ ಎದುರಿಗೇ ನೇರವಾಗಿ ಸಾಗುವುದರಿಂದ. ಬ್ಲೂಟೂತಿನಲ್ಲಿ ಧ್ವನಿ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತಲೂ ತಡವಾಗಿ ಬರುವುದುಂಟು, ಆದ್ದರಿಂದ ಸಿನಿಮಾ ನೋಡುವವರಿಗೆ ತಂತಿಯೇ ವಾಸಿ. ತಂತಿಯ ಸ್ಪೀಕರನ್ನು ಕೊಳ್ಳುವ ಮುನ್ನ ನಿಮ್ಮ ಲ್ಯಾಪ್‌ಟಾಪನ್ನೇ ಅಂಗಡಿಗೆ ಒಯ್ದು, ಚಾರ್ಜರ್ ಹಾಕಿ ಒಮ್ಮೆ, ಕಿತ್ತು ಒಮ್ಮೆ, ಹಾಡಿಲ್ಲದೆ ಕೇಳಿ ನೋಡಿ; ಚಾರ್ಜರ್ ಕಿತ್ತೊಡನೆ ‘ಗುಂಯ್’ ಎನ್ನುವುದು ನಿಂತರೆ ಅದು ಅರ್ಥಿಂಗಿನ ಮೂಲಕ ನುಸುಳುವ ಗದ್ದಲ, ಅದಕ್ಕಾಗಿ ಹೆಚ್ಚು ಬೆಲೆಯ ಸ್ಪೀಕರ್ ಕೊಂಡರೆ ಪ್ರಯೋಜನವಾಗುವುದು ಅಪರೂಪ.