ಚರಂಡಿಗೆ ಹೋಗುವ ಗಂಜಲ

ಕೆಚ್ಚಲು ಬಾವಿನ ಹಸು ನೋಡಲು ಕರೆದರೆ ನಾನು ಮೊದಲು ನೋಡುವುದು ಕೊಟ್ಟಿಗೆಯ ನೆಲವನ್ನು. ಮಂಡ್ಯ, ತುಮಕೂರು ಕಡೆ ಈಗ ಎಷ್ಟೋ ಮನೆಗಳಲ್ಲಿ ಸಿಮೆಂಟ್ ನೆಲ. ಒಳ್ಳೆಯದೇ, ತೊಳೆಯಲು ಸುಲಭ. ಆದರೆ ಗಂಜಲ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಬೀದಿ ಚರಂಡಿ ತೋರಿಸುತ್ತಾರೆ. ಅದೇ ಮನೆಯ ಜಗಲಿಯಲ್ಲಿ ದುಡ್ಡು ಕೊಟ್ಟು ತಂದ ಯೂರಿಯಾ ಮೂಟೆ ಇರುತ್ತದೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಡೇರಿಯಿಂದ ಬರುವ ದುಡ್ಡು ಕಣ್ಣಿಗೆ ಕಾಣುತ್ತದೆ. ಹಾಗಾಗಿ ಹಸುವಿನ ಲೆಕ್ಕ ಹಾಲಿಗೇ ನಿಂತುಬಿಡುತ್ತದೆ. ಆದರೆ ಅದು ತಿಂದ ಮೇವು, ಹಿಂಡಿಯಲ್ಲಿರುವ ಸಾರಜನಕದಲ್ಲಿ ಹಾಲಿಗೆ ಹೋಗುವುದು ಸುಮಾರು ಕಾಲು ಭಾಗ. ಮಿಕ್ಕಿದ್ದು ಹೆಚ್ಚಾಗಿ ಸಗಣಿ, ಗಂಜಲದಲ್ಲಿ ಹೊರಗೆ ಬರುತ್ತದೆ. ಪೊಟ್ಯಾಷ್ ಅಂತೂ ಬಹುಪಾಲು ಗಂಜಲದಲ್ಲೇ ಇರುತ್ತದೆ. ಒಂದು ಹಸು ದಿನಕ್ಕೆ 10 ಲೀಟರ್ ಗಂಜಲ ಹಾಕುತ್ತದೆ, ಲೀಟರಿಗೆ 8 ಗ್ರಾಂ ಸಾರಜನಕ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 29 ಕೆಜಿ ಆಯಿತು. 45 ಕೆಜಿಯ ಯೂರಿಯಾ ಮೂಟೆಯಲ್ಲಿರುವುದು 21 ಕೆಜಿಗಿಂತ ಕಡಿಮೆ! ಅಷ್ಟೂ ಬೆಳೆಗೆ ಸಿಗುವುದಿಲ್ಲ, ನಿಜ. ಅರ್ಧ ಉಳಿಸಿದರೂ ಸಾಲದೇ?

ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದರೆ ಕಣ್ಣು ಉರಿಸುವ ಘಾಟು ಬರುತ್ತದೆ, ಅಲ್ವಾ? ಗಂಜಲದ ಯೂರಿಯಾ ಸಗಣಿಗೆ ತಾಗಿ ಅಮೋನಿಯ ಆಗಿ ಹಾರುತ್ತಿರುವುದು ಅದು. ಗೊಬ್ಬರವೇ ಗಾಳಿಗೆ ಹೋಗುತ್ತಿದೆ.

ಮಲೆನಾಡಿನವರು ಇದಕ್ಕೆ ದಾರಿ ಕಂಡುಕೊಂಡಿದ್ದರು. ಬೆಟ್ಟದ ಸೊಪ್ಪು, ತರಗೆಲೆ ತಂದು ಕೊಟ್ಟಿಗೆಗೆ ಹಾಸುತ್ತಿದ್ದರು. ಗಂಜಲ ಹೀರಿದ ಆ ಸೊಪ್ಪು ಗೊಬ್ಬರವಾಗಿ ಅಡಿಕೆ ಮರದ ಬುಡ ಸೇರುತ್ತಿತ್ತು. ಬಯಲುಸೀಮೆಯಲ್ಲಿ ಹಸು ತಿಂದು ಬಿಟ್ಟ ರಾಗಿ ಹುಲ್ಲು, ಕಬ್ಬಿನ ತರಗು ಇದ್ದೇ ಇದೆ.

ಒಂದು ಎಚ್ಚರ ಮಾತ್ರ ಬೇಕು. ಒದ್ದೆ ಹಾಸಿನ ಮೇಲೆ ಹಸು ಮಲಗಿದರೆ ಕೆಚ್ಚಲು ಬಾವು, ಗೊರಸು ಕೊಳೆಯುವುದು ಜಾಸ್ತಿ. ಅದಕ್ಕೇ ನಾನು ಹುಲ್ಲನ್ನು ಹಸುವಿನ ಕೆಳಗೆ ಹಾಕಿಸುವುದಿಲ್ಲ, ಹಿಂದಿನ ಕಾಲುವೆಯಲ್ಲಿ ಹಾಕಿಸುತ್ತೇನೆ. ನೆಲಕ್ಕೆ ಹಿಂದಕ್ಕೆ ಸ್ವಲ್ಪ ಇಳಿಜಾರಿರಲಿ. ನೆನೆದ ಹುಲ್ಲನ್ನು ದಿನಾ ಎತ್ತಿ ಸಗಣಿ ಜೊತೆ ತಿಪ್ಪೆಗುಂಡಿಗೆ ಹಾಕಿ. ಗುಂಡಿ ಮರದ ನೆರಳಲ್ಲಿದ್ದು, ಸುತ್ತ ಒಂದು ಬದು ಇದ್ದರೆ ಸಾಕು. ಮಳೆಯಲ್ಲಿ ಕಪ್ಪು ನೀರು ಹರಿದು ಹೋಗುವುದಿಲ್ಲ. ಆಗಾಗ ಮೇಲೊಂದು ಪದರ ಕೆರೆಗೋಡು ಹರಡಿ.